ಪೌತಿ ಖಾತೆಯಾಗದ ಊರು

ನನ್ನ ತಮ್ಮ ತೀರಿಕೊಂಡಾಗ ಅವನ ಹೆಸರಿನಲ್ಲಿ ಒಂದು ಬೈಕು, ಒಂದು ಬ್ಯಾಂಕ್ ಅಕೌಂಟು, ಒಂದು ಮೊಬೈಲ್ ನಂಬರು, ಸ್ವಲ್ಪ ಪಿಎಫ್ ಮತ್ತು ಒಂದು ಊರು ಇದ್ದವು. ಊರು ಅಂದರೆ ನಿಜವಾದ ಊರಲ್ಲ. ಟಿವಿಗೆ ಜೋಡಿಸಿಕೊಂಡು ಆಡುವ ವಿಡಿಯೋ ಗೇಮಿನ ಒಳಗೆ ಅವನೂ ನಮ್ಮ ಅಪ್ಪಾಜಿಯೂ ಸೇರಿ ಕಟ್ಟಿದ ಊರು. ಮಿಕ್ಕಿದ್ದೆಲ್ಲವನ್ನೂ ಅಪ್ಪಾಜಿ ಕ್ರಮಪ್ರಕಾರ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಊರು ಮಾತ್ರ ಅವರ ಹೆಸರಿಗೆ ಬರಲಿಲ್ಲ. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೊದಲು ಬರುವುದು ಸಿಟ್ಟು. ಅಳು ಆಮೇಲೆ ಬರುತ್ತದೆ.

ನಮ್ಮದು ಗುಬ್ಬಿ. ಅಪ್ಪಾಜಿ ತಾಲ್ಲೂಕು ಕಚೇರಿಯಲ್ಲಿ ಕಂದಾಯದ ಗುಮಾಸ್ತರಾಗಿದ್ದು ನಿವೃತ್ತರಾದವರು. ನನ್ನನ್ನು ಕುಣಿಗಲ್ಲಿಗೆ ಕೊಟ್ಟಿದ್ದಾರೆ, ಅಲ್ಲೇ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಅಮ್ಮ ಹೋದ ಮೇಲೆ ಗುಬ್ಬಿಯ ಮನೆಯಲ್ಲಿ ಉಳಿದವರು ಅಪ್ಪಾಜಿ ಮತ್ತು ತಮ್ಮ ಇಬ್ಬರೇ. ತಮ್ಮ ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮೆಷಿನ್ ಆಪರೇಟರ್. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಅವನು ಸರ್ಕಾರಿ ಪರೀಕ್ಷೆಗಳನ್ನು ಬರೆದು ಬರೆದು ಸಾಕಾಗಿ ವರ್ಕ್‌ಶಾಪಿಗೆ ಸೇರಿದ್ದು ಅಪ್ಪಾಜಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಜಗಳವೇನೂ ಆಡಲಿಲ್ಲ. ಜಗಳ ಆಡಿದ್ದರೆ ಒಳ್ಳೆಯದಿತ್ತು. ಮಾತೇ ನಿಂತುಹೋಯಿತು. "ಗ್ಯಾಸ್ ಬುಕ್ ಮಾಡಿದ್ಯಾ", "ಹೂಂ", "ಊಟ?", "ಆಯ್ತು". ಇಷ್ಟರಲ್ಲೇ ಆ ಮನೆ ನಡೆಯುತ್ತಿತ್ತು. ನಾನು ಫೋನ್ ಮಾಡಿದರೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಮಾತಾಡುತ್ತಿದ್ದರು, ಒಂದೇ ಗೋಡೆಯ ಆ ಕಡೆ ಈ ಕಡೆ ಕೂತುಕೊಂಡು.

ಆಟದ ಮೆಷಿನ್ನನ್ನು ತಮ್ಮ ಕೊಂಡದ್ದು ತುಮಕೂರಿನಲ್ಲಿ, ದೀಪಾವಳಿ ಬೋನಸ್ಸಿನಲ್ಲಿ. ಅವತ್ತು ನಾನೂ ಯಾವುದೋ ತರಬೇತಿಗೆಂದು ತುಮಕೂರಿಗೆ ಬಂದಿದ್ದೆ, ಅಂಗಡಿಗೆ ಜೊತೆಯಲ್ಲಿ ಹೋದೆ. ಮೆಷಿನ್ನಿನ ಜೊತೆಗೆ ಊರು ಕಟ್ಟುವ ಒಂದು ಆಟ ಆರಿಸಿಕೊಂಡ. ಚೆಂದದ ಬಣ್ಣದ ಡಬ್ಬಿ. ಗುಬ್ಬಿಗೆ ಬಂದು ಬಿಚ್ಚಿದರೆ ಒಳಗೆ ಡಿಸ್ಕೇ ಇಲ್ಲ! ಒಂದು ಚೀಟಿ, ಅದರ ಮೇಲೆ ಒಂದಷ್ಟು ಅಕ್ಷರ, ಒಂದಷ್ಟು ಅಂಕಿ. ಪೇಪರ್ ಓದುತ್ತಿದ್ದ ಅಪ್ಪಾಜಿ ಕನ್ನಡಕದ ಮೇಲಿಂದಲೇ ನೋಡಿದರು.

"ಟೋಪಿ ಹಾಕವ್ರೆ ಕಣೋ ನಿಂಗೆ. ಖಾಲಿ ಡಬ್ಬ ಕೊಟ್ಟು ಕಳಿಸವ್ರೆ."

"ಇಲ್ಲ ಅಪ್ಪಾಜಿ, ಗೇಮು ನೆಟ್ಟಲ್ಲಿ ಇಳಿಯುತ್ತೆ. ಈ ನಂಬರ್ ಹೊಡೆದ್ರೆ ಆಯ್ತು. ಡಬ್ಬ ಸುಮ್ನೆ ಶೋಗೆ."

ಅಪ್ಪಾಜಿ ನಂಬಲಿಲ್ಲ. ಬಿಲ್ಲನ್ನು ಮಾತ್ರ ಇಸ್ಕೊಂಡು ತಮ್ಮ ಫೈಲಿನಲ್ಲಿ ಇಟ್ಟುಕೊಂಡರು. ಮುಂದಿನ ಆಯುಧಪೂಜೆಯಲ್ಲಿ ಬೈಕಿಗೆ, ಮಿಕ್ಸಿಗೆ, ಕುಡುಗೋಲಿಗೆ ವಿಭೂತಿ ಹಚ್ಚಿ ಹೂವಿಟ್ಟವರು ಆ ಮೆಷಿನ್ನಿಗೂ ಹಚ್ಚಿದರು, ಪಕ್ಕದಲ್ಲಿದ್ದ ಖಾಲಿ ಡಬ್ಬಕ್ಕೂ ಹಚ್ಚಿದರು. ನಾನು ನಕ್ಕಿದ್ದಕ್ಕೆ "ದುಡ್ಡು ಕೊಟ್ಟಿಲ್ವೇನೇ ಇದಕ್ಕೂ?" ಎಂದು ಗದರಿದರು.

ಆ ಹೊತ್ತಿಗೆ ಅಪ್ಪಾಜಿಯೂ ಆಟಕ್ಕೆ ಬಿದ್ದಾಗಿತ್ತು. ಬಿದ್ದ ಕಥೆಯನ್ನು ತಮ್ಮನೇ ನನಗೆ ಹೇಳಿದ್ದು. ಅವನು ಸಾಯಂಕಾಲ ಶಿಫ್ಟ್ ಮುಗಿಸಿ ಬಂದು ಟಿವಿ ಮುಂದೆ ಕೂತು ಹೊಲ, ರಸ್ತೆ, ಮನೆ ಎಂದು ಜೋಡಿಸುತ್ತಿದ್ದನಂತೆ. ಅಪ್ಪಾಜಿ ಪೇಪರಿನ ಹಿಂದೆ ಕೂತಿರುತ್ತಿದ್ದರಂತೆ. ಒಂದು ದಿನ ಪೇಪರ್ ಕೆಳಗಿಳಿಯಿತು.

"ಕೆರೆ ಏರಿ ಮೇಲೆ ಯಾರಾದ್ರೂ ಮನೆ ಕಟ್ತಾರೇನ್ಲಾ?"

ತಮ್ಮ ಮನೆಯನ್ನು ಕಿತ್ತು ಬೇರೆ ಕಡೆ ಇಟ್ಟ. ಮಾರನೆಯ ದಿನ ಅಪ್ಪಾಜಿ ಕುರ್ಚಿಯನ್ನು ಒಂಚೂರು ಮುಂದಕ್ಕೆ ಎಳೆದುಕೊಂಡರು. "ಗೋಮಾಳ ಎಲ್ಲಿ ಬಿಟ್ಟಿದೀಯ? ದನ ಎಲ್ಲಿ ಮೇಯ್ಬೇಕು?" ಗೋಮಾಳ ಆಯಿತು. "ಕೋಡಿ ನೀರು ಹೋಗಕ್ಕೆ ಕಾಲುವೆ ಇಲ್ವಲ್ಲೋ." ಕಾಲುವೆ ಆಯಿತು. "ಸ್ಮಶಾನಕ್ಕೆ ಜಾಗ ಬಿಡಪ್ಪ. ಊರಂದ್ಮೇಲೆ ಜನ ಸಾಯಲ್ವಾ?" ಆ ಆಟದಲ್ಲಿ ಯಾರೂ ಸಾಯುವುದಿಲ್ಲ, ಸ್ಮಶಾನವೆಂಬುದೇ ಅದರಲ್ಲಿಲ್ಲ. ಆದರೂ ತಮ್ಮ ಊರಾಚೆ ಒಂದು ತುಂಡು ನೆಲಕ್ಕೆ ಬೇಲಿ ಹಾಕಿ ಖಾಲಿ ಬಿಟ್ಟ. ಹಾಗೆ ಮಾತು ಶುರುವಾಯಿತು ಆ ಮನೆಯಲ್ಲಿ.

ಆಮೇಲೆ ತಮ್ಮ ಕೆಲಸಕ್ಕೆ ಹೋದಾಗ ಅಪ್ಪಾಜಿಯೇ ಕಂಟ್ರೋಲರ್ ಹಿಡಿಯತೊಡಗಿದರು. ಇಬ್ಬರಿಗೂ ಒಂದೇ ಅಕೌಂಟು, ತಮ್ಮನ ಹೆಸರಿನದು. ಒಂದೇ ಊರು. ಹಗಲು ಅಪ್ಪಾಜಿ ಮಾಡಿದ್ದನ್ನು ಸಂಜೆ ಬಂದು ತಮ್ಮ ನೋಡುವುದು, ಸಂಜೆ ತಮ್ಮ ಮಾಡಿದ್ದನ್ನು ಬೆಳಗ್ಗೆ ಅಪ್ಪಾಜಿ ತಪಾಸಣೆ ಮಾಡುವುದು. "ಯಾರ್ರೀ ಇದು, ನನ್ನ ಅಂಗಡಿ ಬೀದಿ ಒಡೆದು ಹಾಕಿರೋದು?" ಎಂದು ತಮ್ಮ ಕೂಗಿದರೆ "ಒತ್ತುವರಿ ತೆರವು ಮಾಡಿದೀವಿ, ಬೇಕಾದ್ರೆ ಕೋರ್ಟಿಗೆ ಹೋಗು" ಎಂದು ಅಡುಗೆಮನೆಯಿಂದ ಉತ್ತರ ಬರುತ್ತಿತ್ತು. ನನಗೆ ಫೋನಿನಲ್ಲೂ ಇದೇ ಪುರಾಣ. "ನಿನ್ ತಮ್ಮ ಬಿದರೆಹಳ್ಳ ಕಾವಲಲ್ಲಿ ಹೆಲಿಕಾಪ್ಟರ್ ಫ್ಯಾಕ್ಟ್ರಿ ಬಂದಂಗೆ ಇಲ್ಲೂ ಒಂದು ಫ್ಯಾಕ್ಟ್ರಿ ತರ್ತಾನಂತೆ ಕಣಮ್ಮ. ಗೋಮಾಳ ಮುಟ್ಟಿದ್ರೆ ನೋಡು ಅಂದಿದೀನಿ." ನಿಮಗಿಬ್ಬರಿಗೂ ತಲೆ ಕೆಟ್ಟಿದೆ ಎಂದು ನಾನು ಬೈಯುತ್ತಿದ್ದೆ. ಒಳಗೊಳಗೆ ಸಂತೋಷವಾಗುತ್ತಿತ್ತು. ಅಮ್ಮ ಹೋದ ಮೇಲೆ ಅಪ್ಪಾಜಿಯ ದನಿ ಅಷ್ಟು ಮೇಲಕ್ಕೆ ಏರಿದ್ದನ್ನು ನಾನು ಕೇಳಿರಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ತಮ್ಮನಿಗೆ ಜ್ವರ ಬಂತು. ಡೆಂಗಿ. ಗುಬ್ಬಿಯಲ್ಲಿ ತೋರಿಸಿ, ಕಡಿಮೆಯಾಗದೆ ತುಮಕೂರಿಗೆ ಸೇರಿಸಿದೆವು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅಪ್ಪಾಜಿಗೆ ಹೇಳುತ್ತಿದ್ದ: ಕೆರೆ ಪಕ್ಕದಲ್ಲಿ ಒಂದು ಸ್ಕೂಲು ಎಬ್ಬಿಸಿದ್ದೀನಿ, ಅಕ್ಕನಿಗೆ ಅಂತ, ಗೋಡೆ ಆಗಿದೆ, ಚಾವಣಿ ಬಾಕಿ, ಮುಟ್ಟಬೇಡಿ, ಬಂದು ನಾನೇ ಹಾಕ್ತೀನಿ ಅಂತ. ಬರಲಿಲ್ಲ. ಅವನಿಗೆ ಇನ್ನೂ ಮೂವತ್ತೂ ತುಂಬಿರಲಿಲ್ಲ. ಇದರ ಬಗ್ಗೆ ಹೆಚ್ಚಿಗೆ ಬರೆಯಲು ನನ್ನ ಕೈಲಾಗುವುದಿಲ್ಲ.

ನಮ್ಮಲ್ಲಿ ಹೂಳುವುದು. ಸ್ವಾಮಿಗಳು ಬಂದು ಹೇಳಿದಂತೆ ತಮ್ಮನನ್ನು ಕೂರಿಸಿ, ಎಡಗೈಯಲ್ಲಿ ಅವನ ಇಷ್ಟಲಿಂಗ ಇಟ್ಟರು. ಹುಟ್ಟಿದಾಗ ಕಟ್ಟಿದ್ದು, ಅವನ ಜೊತೆಯಲ್ಲೇ ಮಣ್ಣಿಗೆ ಹೋಯಿತು. ಅದು ಇನ್ನೊಬ್ಬರಿಗೆ ಬರುವಂಥದ್ದಲ್ಲ. ಮಿಕ್ಕಿದ್ದೆಲ್ಲ ಇರುವವರಿಗೆ: ಅವನ ಸ್ವೆಟರನ್ನು ನನ್ನ ಗಂಡ ಹಾಕಿಕೊಳ್ಳುತ್ತಾರೆ, ಟಿಫನ್ ಕ್ಯಾರಿಯರನ್ನು ನಾನೇ ಸ್ಕೂಲಿಗೆ ಒಯ್ಯುತ್ತೇನೆ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನಗೆ ಅಪ್ಪಾಜಿಯದೇ ದಿಗಿಲು. ಕುಣಿಗಲ್ಲಿಗೆ ಬನ್ನಿ ಎಂದರೆ ಬರಲೊಲ್ಲರು. ಊಟ ಮುಂದಿಟ್ಟರೆ ಕೈ ತೊಳೆದು ಸುಮ್ಮನೆ ಕೂರುವರು. ರಜೆ ಹಾಕಿ ಉಳಿದುಕೊಂಡೆ. ಒಂದು ಬೆಳಗ್ಗೆ ನಾನು ಬಟ್ಟೆ ಒಣಗಿಸಿ ಒಳಗೆ ಬರುವಾಗ ಟಿವಿ ಸದ್ದು ಕೇಳಿಸಿತು. ಅಪ್ಪಾಜಿ ಕಂಟ್ರೋಲರ್ ಹಿಡಿದು ಕೂತಿದ್ದರು. ಪರದೆಯ ಮೇಲೆ ಊರು. ಕಾಲುವೆಯಲ್ಲಿ ಹೂಳು ತೆಗೆಯುತ್ತಾ ಮಾತಾಡುತ್ತಿದ್ದರು. ನನ್ನ ಜೊತೆ ಅಲ್ಲ. "ಇಲ್ಲಿ ನೋಡು, ನೀನು ತೂಬು ಈ ಕಡೆ ಇಟ್ಟಿದೀಯ. ನೀರು ಮೇಲಕ್ಕೆ ಹತ್ತುತ್ತೇನ್ಲಾ?" ಎಂದು ಬೈದು, ತೂಬನ್ನು ಸರಿಮಾಡಿ, ಎದ್ದು ಬಂದು ಎರಡು ಇಡ್ಲಿ ತಿಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಅಪ್ಪಾಜಿ ಉಳಿಯುತ್ತಾರೆ ಎನ್ನುವ ಧೈರ್ಯ ಬಂದದ್ದು ಆಗಲೇ.

ಅವತ್ತಿಂದ ಆ ಊರೇ ಅವರನ್ನು ನಡೆಸಿತು. ಬೆಳಗ್ಗೆ ಪೂಜೆ ಮಾಡಿ, ತಿಂಡಿ ತಿಂದು, ಊರಿಗೆ ಹೋಗುವರು. ಮಧ್ಯಾಹ್ನ ಬಂದು ಊಟ ಮಾಡುವರು. ನಾನು ನೆಮ್ಮದಿಯಾಗಿ ಕುಣಿಗಲ್ಲಿಗೆ ವಾಪಸ್ಸು ಹೋದೆ. ಆದರೆ ತಮ್ಮ ಅರ್ಧಕ್ಕೆ ಬಿಟ್ಟ ಆ ಸ್ಕೂಲಿಗೆ ಮಾತ್ರ ಅವರು ಕೈ ಹಾಕಿರಲಿಲ್ಲ. ಭಾನುವಾರ ಹೋದಾಗ ನೋಡಿದರೆ ನಾಲ್ಕು ಗೋಡೆ ಹಾಗೇ ಬಯಲಿಗೆ ಬಾಯಿ ಬಿಟ್ಟುಕೊಂಡು ನಿಂತಿದ್ದವು.

"ಚಾವಣಿ ಹಾಕಿ ಅಪ್ಪಾಜಿ, ಎಷ್ಟು ದಿನ ಹಾಗೇ ಬಿಡ್ತೀರ?"

"ಹಾಕ್ಬೇಕು. ಅವನದ್ದು ಅದು. ಮೊದ್ಲು ನನ್ನ ಹೆಸರಿಗೆ ಮಾಡಿಸ್ಕೊಂಡು ಆಮೇಲೆ ಹಾಕ್ತೀನಿ."

ಇದು ಅರ್ಥವಾಗಬೇಕಾದರೆ ಅಪ್ಪಾಜಿಯ ಕೆಲಸ ಏನೆಂದು ಹೇಳಬೇಕು. ನಮ್ಮ ಕಡೆ ಜಮೀನುಗಳು ಸತ್ತುಹೋದ ತಾತ ಮುತ್ತಾತಂದಿರ ಹೆಸರಿನಲ್ಲೇ ಇರುತ್ತವೆ. ಯಾರೂ ಬದಲಾಯಿಸುವ ಗೋಜಿಗೆ ಹೋಗುವುದಿಲ್ಲ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಏರಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅಪ್ಪಾಜಿಯ ಅರ್ಧ ಆಯಸ್ಸು ಅದರಲ್ಲೇ ಕಳೆಯಿತು. ಹಾಗಲವಾಡಿ ಕಡೆಯ ಹಳ್ಳಿಗಳಿಗೆಲ್ಲ ಸೈಕಲ್ಲು ತುಳಿದುಕೊಂಡು ಹೋಗಿ, ಜಗಲಿಗಳ ಮೇಲೆ ಕೂತು, ಮರಣಪತ್ರ ತನ್ನಿ, ವಂಶವೃಕ್ಷ ಮಾಡಿಸಿ ಎಂದು ಜನರ ಬೆನ್ನು ಬೀಳುತ್ತಿದ್ದರು. ಸತ್ತವರ ಹೆಸರಿನಲ್ಲಿ ಅನುಭವಿಸುವುದು ಅವರ ಲೆಕ್ಕದಲ್ಲಿ ಕಳ್ಳತನ. ಹೋದವರನ್ನು ಹೋದರು ಎಂದು ಒಪ್ಪಿಕೊಂಡು, ಇರುವವರು ಮುಂದೆ ಬಂದು ಸಹಿ ಹಾಕಬೇಕು. ಅದೇ ಮರ್ಯಾದೆ ಎನ್ನುತ್ತಿದ್ದರು.

ಹಾಗಾಗಿ ತಮ್ಮನ ಕಾರ್ಯ ಮುಗಿದ ಮೇಲೆ ಅವರೇ ಫೈಲು ಹಿಡಿದು ಹೊರಟಿದ್ದರು. ಬೈಕಿನ ಆರ್‌ಸಿ ಅವರ ಹೆಸರಿಗೆ ಆಯಿತು. ಬ್ಯಾಂಕಿನಲ್ಲಿ ಆಯಿತು, ಪಿಎಫ್ ಆಯಿತು. ಮೊಬೈಲ್ ಅಂಗಡಿಯ ಹುಡುಗಿ ಕೂಡ ಕಾಗದ ನೋಡಿ ನಂಬರನ್ನು ಅವರ ಹೆಸರಿಗೆ ಮಾಡಿಕೊಟ್ಟಳು. ಉಳಿದದ್ದು ಆಟದ ಅಕೌಂಟು ಒಂದೇ.

"ಅದು ಬೇಡ ಅಪ್ಪಾಜಿ. ನಡೀತಾ ಇದೆಯಲ್ಲ, ಯಾರ್ ಕೇಳ್ತಾರೆ?"

"ಹಿಂಗೇ ಹೇಳ್ತಿದ್ರು ಕಣಮ್ಮ ಹಳ್ಳಿಯೋರೂ. ಬಿಲ್ ಇದೆ, ಡೆತ್ ಸರ್ಟಿಫಿಕೇಟ್ ಇದೆ, ವಂಶವೃಕ್ಷ ಇದೆ. ಇನ್ನೇನ್ ಬೇಕು ಅವ್ರಿಗೆ? ಇಂಗ್ಲಿಷಲ್ಲಿ ಬರ್ಕೊಡು."

ನಾನು ಇನ್ನೂ ಎರಡು ಸಲ ಬೇಡ ಎಂದೆ. ಅವರು ಕೇಳುವ ಜನ ಅಲ್ಲ. ಕೊನೆಗೆ ಅವರು ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಆಟದ ಕಂಪನಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ನನ್ನ ಮಗನು ಇಂಥ ದಿನ ದೈವಾಧೀನನಾಗಿರುತ್ತಾನೆ, ನಾನು ಅವನ ತಂದೆಯೂ ವಾರಸುದಾರನೂ ಆಗಿರುತ್ತೇನೆ, ಸದರಿ ಊರನ್ನು ನನ್ನ ಹೆಸರಿಗೆ ಮಾಡಿಕೊಡಬೇಕಾಗಿ ವಿನಂತಿ. ನಾಡಕಚೇರಿಯ ಮೊಹರು ಬಿದ್ದ ವಂಶವೃಕ್ಷದ ಫೋಟೋ ಹಿಡಿದು ಜೊತೆಗೆ ಹಾಕಿದೆ. ಎಲ್ಲೋ ಸಮುದ್ರದಾಚೆ ಅದನ್ನು ಬಿಚ್ಚಿ ನೋಡಿದವರಿಗೆ ಏನನ್ನಿಸಿತೋ ನಾನರಿಯೆ.

ಉತ್ತರ ಬಂದಾಗ ಗುಬ್ಬಿಗೆ ಹೋಗಿಯೇ ಅಪ್ಪಾಜಿಗೆ ಓದಿ ಹೇಳಿದೆ. ಫೋನಿನಲ್ಲಿ ಹೇಳುವಂತಿರಲಿಲ್ಲ. ನಿಮ್ಮ ದುಃಖದಲ್ಲಿ ನಾವೂ ಭಾಗಿ ಎಂದು ಶುರು. ಆಮೇಲೆ ವಿಷಯ. ಆಟವನ್ನು ನಿಮ್ಮ ಮಗನಿಗೆ ಮಾರಿರಲಿಲ್ಲ, ಆಡಿಕೊಳ್ಳಲು ಅವರೊಬ್ಬರಿಗೆ ಅನುಮತಿ ಕೊಟ್ಟಿದ್ದೆವು. ಆ ಅನುಮತಿ ಬೇರೆ ಯಾರಿಗೂ, ವಾರಸುದಾರರಿಗೂ, ಹೋಗುವುದಿಲ್ಲ. ಅಕೌಂಟಿನ ವ್ಯಕ್ತಿ ತೀರಿಕೊಂಡಿರುವುದು ದಾಖಲೆಯಿಂದ ತಿಳಿದ ಕಾರಣ ನಿಯಮದಂತೆ ಅಕೌಂಟನ್ನು ಮುಚ್ಚಿದ್ದೇವೆ.

"ಮಾರಿಲ್ವಂತಾ?" ಎಂದರು ಅಪ್ಪಾಜಿ. "ಬಿಲ್ ಇದೆಯಲ್ಲಮ್ಮ."

ಎದ್ದು ಹೋಗಿ ಮೆಷಿನ್ ಹಾಕಿದರು. ತಮ್ಮನ ಹೆಸರು ಬರುತ್ತಿದ್ದ ಜಾಗ ಖಾಲಿಯಾಗಿತ್ತು. ಆಟದ ಚಿತ್ರ ಕಾಣುತ್ತಿತ್ತು, ಅದರ ಮೇಲೊಂದು ಬೀಗದ ಗುರುತು. ಒತ್ತಿದರೆ ಈ ಆಟ ನಿಮ್ಮದಲ್ಲ, ಬೇಕಿದ್ದರೆ ಖರೀದಿಸಿ ಎಂದು ಬಂತು. ಅಪ್ಪಾಜಿ ಮತ್ತೆ ಒತ್ತಿದರು, ಮತ್ತೆ ಅದೇ ಬಂತು. ಆಟ ಹೋದರೆ ಹಾಳಾಗಿ ಹೋಗಲಿ, ಇನ್ನೊಂದು ತರಬಹುದು. ಇನ್ನೊಂದು ತಂದರೆ ಅದರಲ್ಲಿ ಬರಿ ನೆಲ ಇರುತ್ತದೆ. ನಮ್ಮ ತಮ್ಮ ಗೋಡೆ ಎಬ್ಬಿಸಿದ ನೆಲ ಇರುವುದಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಂಗಡಿಯಲ್ಲಿ ದುಡ್ಡು ಎಣಿಸಿಕೊಂಡಾಗ ಅನುಮತಿ ಎಂದು ಒಬ್ಬರಾದರೂ ಉಸಿರೆತ್ತಿದರೇ? ಡಬ್ಬಿಯ ಮೇಲೆ ಬಾಡಿಗೆ ಎಂದು ಬರೆದಿತ್ತೇ? ಈಗಲೂ ಆ ಬಟನ್ನಿನ ಮೇಲೆ ಖರೀದಿಸಿ ಎಂದೇ ಇದೆ. ಮಾರುವಾಗ ಒಂದು ಮಾತು, ಕಿತ್ತುಕೊಳ್ಳುವಾಗ ಒಂದು ಮಾತು. ನಮ್ಮ ಜನ ಮನುಷ್ಯನ ಜೊತೆ ಮಣ್ಣಿಗೆ ಕಳಿಸುವುದು ಇಷ್ಟಲಿಂಗ ಒಂದನ್ನೇ. ಅದು ದೇವರು. ಇವರು ಒಂದು ಆಟವನ್ನು ಅದರ ಸಮಕ್ಕೆ ತಂದು ಕೂರಿಸಿದ್ದರು, ಅದೂ ನಮ್ಮನ್ನು ಒಂದು ಮಾತು ಕೇಳದೆ. ಮಕ್ಕಳಿಗೆ ನಾನು ಗ್ರಾಹಕರ ಹಕ್ಕುಗಳು ಎಂಬ ಪಾಠ ಮಾಡುತ್ತೇನೆ. ಬಿಲ್ಲು ಇಟ್ಟುಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ ಎಂದು ವರ್ಷವರ್ಷವೂ ಬಡಿದುಕೊಳ್ಳುತ್ತೇನೆ. ಆ ವರ್ಷ ಬಿಲ್ಲಿನ ಮಾತು ಬಂದಾಗ ಪುಟ ತಿರುಗಿಸಿಬಿಟ್ಟೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಪಾಪ ಒಳ್ಳೆಯವಳು, "ನಮ್ಮ ಕೈಲಿಲ್ಲ ಮೇಡಂ" ಎಂದಳು. ಅವಳ ಮೇಲೆ ರೇಗಿ ಏನು ಫಲ? ಅಪ್ಪಾಜಿ ಮಾತ್ರ ಸೋಲಲು ಒಪ್ಪಲಿಲ್ಲ. ಮೇಲಿನವರು ಅರ್ಜಿ ವಜಾ ಮಾಡಿದರೆ ಕೆಳಗೆ ಯಾರಾದರೂ ದಾರಿ ತೋರಿಸುತ್ತಾರೆ ಎಂಬುದು ಕಚೇರಿಯಲ್ಲಿ ಅವರು ಕಂಡುಕೊಂಡ ಸತ್ಯ. ಒಂದು ಶನಿವಾರ ಮೆಷಿನ್ನನ್ನು ಟವಲಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದರು. ನಾನು ಕುಣಿಗಲ್ಲಿನಿಂದ ಬಂದು ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಸೇರಿಕೊಂಡೆ.

ಇಂಥ ಮೆಷಿನ್ನುಗಳನ್ನು ರಿಪೇರಿ ಮಾಡುವ ಅಂಗಡಿಯವನು ಎಲ್ಲ ಕೇಳಿಸಿಕೊಂಡ. ಬಿಚ್ಚಿ ನೋಡುವ ನಾಟಕವನ್ನೂ ಆಡಲಿಲ್ಲ.

"ಮೆಷಿನ್ನಿಗೆ ಏನೂ ಆಗಿಲ್ಲ ಸಾರ್. ನಿಮ್ಮ ಊರೂ ಇದ್ರೊಳಗೇ ಇರುತ್ತೆ."

ಅಪ್ಪಾಜಿ ಕುರ್ಚಿಯ ತುದಿಗೆ ಬಂದರು. "ಇದ್ರೊಳಗೇ ಇದೆಯಾ?"

"ಇರುತ್ತೆ ಸಾರ್. ಆದ್ರೆ ಬೀಗ ಅವರದ್ದು. ನಿಮ್ಮ ಮಗನ ಅಕೌಂಟ್ ಬಂದ್ರೇನೇ ಅದು ತೆರೆಯೋದು. ಬಲವಂತವಾಗಿ ತೆಗೆಯಕ್ಕೆ ಹೋದ್ರೆ ಒಳಗಿರೋದೂ ಅಳಿಸಿ ಹೋಗುತ್ತೆ."

"ಹಾಳಾಗಿಲ್ಲ ತಾನೆ? ಎಲ್ಲ ಹಂಗೇ ಇದೆಯಾ?"

"ಹಂಗೇ ಇದೆ ಸಾರ್."  ಆಮೇಲೆ ಅವನು ಬಾಯಿ ತಡೆಯದೆ ಅಂದುಬಿಟ್ಟ, "ನೀವು ಅವ್ರಿಗೆ ಹೇಳ್ಬಾರ್ದಿತ್ತು ಸಾರ್. ಯಾರೂ ಹೇಳಲ್ಲ. ಹೇಳ್ದೇ ಇದ್ದಿದ್ರೆ ಅದರ ಪಾಡಿಗೆ ಅದು ನಡ್ಕೊಂಡು ಹೋಗೋದು."

ನನಗೆ ಅವನ ಬಾಯಿ ಮುಚ್ಚಿಸಬೇಕೆನಿಸಿತು. ಅಪ್ಪಾಜಿ ತಲೆಯಾಡಿಸಿ, ಅವನಿಗೆ ಕೈಮುಗಿದು, ಮೆಷಿನ್ನಿಗೆ ಟವಲು ಸುತ್ತಿದರು. ಮೂಲೆಗಳನ್ನು ಮಡಚಿ ಮಡಚಿ ಸುತ್ತಿದ್ದು ನೋಡಿ ನಾನು ಬೀದಿಯ ಕಡೆ ತಿರುಗಿಕೊಂಡೆ.

ಗುಬ್ಬಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವರನ್ನು ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದ್ದೆ. ಬ್ಯಾಗನ್ನು ಮೇಲೆ ಇಡಲು ಹೋದರೆ ಕೊಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು. ತುಮಕೂರು ದಾಟಿ ಹೊಲಗಳು ಶುರುವಾದ ಮೇಲೆ, ಕಿಟಕಿಯಾಚೆ ನೋಡಿಕೊಂಡೇ ಕೇಳಿದರು.

"ಅವ್ನು ಹೋದ ಅಂತ ನಾನು ಬರೀದೇ ಇದ್ದಿದ್ರೆ ಸಾಕಿತ್ತಾ?"

ಸುಳ್ಳು ಹೇಳೋಣವೆಂದುಕೊಂಡೆ. ಹೇಗಿದ್ದರೂ ಒಂದು ದಿನ ಮುಚ್ಚುತ್ತಿದ್ದರು, ನಿಮ್ಮಿಂದ ಏನೂ ಆಗಿಲ್ಲ ಎನ್ನಬಹುದಿತ್ತು. ಅವರ ಮುಂದೆ ಅದು ಹೊರಡಲಿಲ್ಲ.

"ಸಾಕಿತ್ತು ಅಪ್ಪಾಜಿ."

"ಬದುಕವ್ನೆ ಅಂದ್ಕೊಂಡು ಕಂಪನಿಯೋರು ಸುಮ್ನೆ ಇರೋರು."

"ಹೂಂ."

ಅವರು ಬ್ಯಾಗಿನ ಮೇಲೆ ಎರಡೂ ಕೈ ಇಟ್ಟುಕೊಂಡರು.

"ಇಡೀ ಸರ್ವೀಸಲ್ಲಿ ಒಂದೂ ಸುಳ್ಳು ರುಜು ಹಾಕ್ದೋನಲ್ಲ ಕಣಮ್ಮ ನಾನು," ಎಂದರು. "ಇದಕ್ಕೆ ಹಾಕ್ತಿದ್ದೆ. ನನ್ ಮಗ ಬದುಕವ್ನೆ ಅಂತ ಎಷ್ಟು ಸಲ ಬೇಕಾದ್ರೂ ಬರ್ಕೊಡ್ತಿದ್ದೆ."